ಮುಕ್ಕಾದ ದೇವರು

ದೇವರನ್ನು ಮೊದಲು ತೆಗೆದರು, ಸಾರಿಕಾಳನ್ನು ಆಮೇಲೆ.

ಗುರುಲಿಂಗ ಮಾಸ್ತರ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಆಡಿದ್ದರೆ ಎದೆ ಹಗುರಾಗುತ್ತಿತ್ತೋ ಏನೋ. ಆದರೆ ಹೊನ್ನಳಗಾದಲ್ಲಿ ಆಗ ಕೇಳುವವರು ಯಾರೂ ಉಳಿದಿರಲಿಲ್ಲ, ಎಲ್ಲರಿಗೂ ತಮ್ಮ ತಮ್ಮದು ಹೇಳುವುದಿತ್ತು. ಗಣಪತಿಯನ್ನು ತೇರಣಾ ಹೊಳೆಗೆ ಕಳಿಸಿ ಬಂದು ಮಲಗಿದ ಜನ ಬೆಳಕು ಹರಿಯುವುದರೊಳಗೆ ಭೂಮಿ ನಡುಗಿ ತಮ್ಮದೇ ಗೋಡೆಗಳ ಕೆಳಗೆ ಸಿಕ್ಕಿಕೊಂಡಿದ್ದರು. ನಿಲಂಗಾದಿಂದ ಉಮರಗಾಕ್ಕೆ ಹೋಗುವ ದಾರಿಯಿಂದ ತುಸು ಒಳಗಿದ್ದ ಊರು ಒಂದು ದಿಬ್ಬವಾಗಿತ್ತು. ಮಣ್ಣಿನ ಮಾಳಿಗೆ, ಎತ್ತಿನ ಬಂಡಿ ಹೋಗುವಷ್ಟು ದಪ್ಪದ ಕಲ್ಲುಗೋಡೆ. ಅಜ್ಜಂದಿರು ಬಿಸಿಲಿಗೆ ಹೆದರಿ ಕಟ್ಟಿದ್ದು ಮೊಮ್ಮಕ್ಕಳ ಮೇಲೆ ಬಿತ್ತು. ಸೈನ್ಯದವರು ಬರುವ ತನಕ ಮಠದ ಓಣಿಯವರ ಕೈಯಲ್ಲಿದ್ದದ್ದು ಒಂದೇ ಹಾರೆ.

ಆ ಹಾರೆಗೆ ಎರಡು ಕಡೆ ಕೆಲಸವಿತ್ತು. ಬಲಕ್ಕೆ ವೀರಭದ್ರನ ಗುಡಿ, ಎಡಕ್ಕೆ ಗುರುಲಿಂಗನ ಮನೆ. ಊರ ಹಿರಿಯ ಶಿವರಾಯ ಗುಡಿಯ ಕಡೆ ಕೈ ತೋರಿಸಿ, "ದೇವರು ಮಣ್ಣಾಗ ಇರಬಾರದು, ಮೊದಲ ಅಂವನ್ನ ತಗೀರಿ" ಎಂದ. ಗುರುಲಿಂಗ ಎಚ್ಚರ ತಪ್ಪಿದ ಮಗಳು ಶಿವಾನಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಾವಿಯ ಕಟ್ಟೆಗೆ ಕೂತಿದ್ದ. ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದ. ಹೊತ್ತು ಏರಿದ ಮೇಲೆ ವೀರಭದ್ರ ಹೊರಗೆ ಬಂದ, ಮೈಮೇಲೆ ಒಂದು ಗೆರೆಯೂ ಇರಲಿಲ್ಲ. ಜನ ಅಳುತ್ತಲೇ ಕೈ ಮುಗಿದರು. ಹೊತ್ತು ಇಳಿದ ಮೇಲೆ ಅವನ ಹೆಂಡತಿ ಸಾರಿಕಾ ಹೊರಗೆ ಬಂದಳು. ಮೈ ಇನ್ನೂ ಬೆಚ್ಚಗಿದೆ ಎಂದು ಯಾರೋ ಅಂದರು, ಇನ್ಯಾರೋ ಅವರನ್ನು ಸುಮ್ಮನಾಗಿಸಿದರು.

ಅವರ ಮನೆತನದಲ್ಲಿ ಸತ್ತವರಿಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಕೊಡುವುದು ಪದ್ಧತಿ. ಅವತ್ತು ಗುಂಡಿ ತೋಡುವ ಕೈಗಳಿರಲಿಲ್ಲ. ಬಿದ್ದ ಮನೆಗಳ ತೊಲೆ, ಬಾಗಿಲು ಒಟ್ಟಿ, ಡೀಸೆಲ್ ಸುರಿದು ಎಲ್ಲ ಜಾತಿಯವರನ್ನೂ ಒಂದೇ ಬೆಂಕಿಗೆ ಕೊಟ್ಟರು. ಸಾರಿಕಾಳಿಗೆ ಹೊದಿಸಲು ಒಂದು ಗೇಣು ಬಿಳಿ ಬಟ್ಟೆ ಸಿಗಲಿಲ್ಲ. ಅದೇ ಹೊತ್ತಿಗೆ ಬೇವಿನ ಮರದ ಕೆಳಗೆ ಯಾರೋ ತಮ್ಮ ರುಮಾಲು ಬಿಚ್ಚಿ ಹಾಸಿ ವೀರಭದ್ರನನ್ನು ಕೂರಿಸಿದ್ದರು. ಗುರುಲಿಂಗ ಅದನ್ನು ನೋಡಿದ. ನೋಡಿದ್ದು ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಉಳಿಯಿತು.

ಮುಂದೆ ನಡೆದದ್ದು ನಗುವಂಥದ್ದು, ನಗುವ ತ್ರಾಣ ಯಾರಿಗಾದರೂ ಉಳಿದಿದ್ದರೆ. ದೇವರ ಮೇಲೆ ಮುನಿದವನಿಗೇ ದೇವರನ್ನು ಕಾಯುವ ಕೆಲಸ ಬಂತು. ಮುಂಬಯಿಯಿಂದ ಹಳೆಯ ವಸ್ತುಗಳ ವಿದ್ವಾಂಸರೊಬ್ಬರು ಬಂದರು. ಅವಶೇಷದಲ್ಲಿ ಸಿಕ್ಕ ಊರಿನ ಸ್ವತ್ತನ್ನೆಲ್ಲ ಒಂದು ಕಡೆ ಕೂಡಿಹಾಕಬೇಕು, ಲೋಹವನ್ನು ತಿಕ್ಕಬಾರದು, ತಾಳೆಗರಿಯನ್ನು ಬಿಸಿಲಿಗೆ ಹಿಡಿಯಬಾರದು, ಹತ್ತಿ ಬಟ್ಟೆಯಲ್ಲಿ ಸುತ್ತಬೇಕು ಎಂದು ಅಕ್ಕರೆಯಿಂದ ಹೇಳಿ ಸಂಜೆಯ ಗಾಡಿಗೆ ಹೋದರು. ಬಟ್ಟೆ ಎಲ್ಲಿದೆ, ಪೆಟ್ಟಿಗೆ ಎಲ್ಲಿದೆ ಎಂದು ಹೇಳಲಿಲ್ಲ. ನಿಲಂಗಾದ ಶಾಲೆಯಲ್ಲಿ ಚಿತ್ರ ಕಲಿಸುವ ಮಾಸ್ತರ ಇದ್ದಾನಲ್ಲ, ಅವನೇ ನೋಡಿಕೊಳ್ಳಲಿ ಎಂದು ಊರವರು ತೀರ್ಮಾನಿಸಿದರು. ಹೇಗೂ ಅವನಿಗೆ ಮನೆಯಲ್ಲಿ ಕಾಯುವ ಹೆಂಡತಿಯಿಲ್ಲ ಎಂಬುದನ್ನು ಯಾರೂ ಬಾಯಿ ಬಿಟ್ಟು ಆಡಲಿಲ್ಲ.

ಹೀಗೆ ಒಂದು ತಗಡಿನ ಶೆಡ್ಡು ಊರಿನ ನೆನಪಿನ ಉಗ್ರಾಣವಾಯಿತು. ಮಠದ ತಾಳೆಗರಿ ಕಟ್ಟುಗಳು ಬಿಸ್ಕೀಟಿನ ರಟ್ಟಿನ ಪೆಟ್ಟಿಗೆಗಳಿಗೆ ಹೋದವು. ದರ್ಗಾದ ಬೆಳ್ಳಿಯ ಹಸ್ತ, ಪಂಜಾ, ಎಣ್ಣೆ ಡಬ್ಬಿಯಲ್ಲಿ ಬೇವಿನ ಎಲೆಯ ನಡುವೆ ಮಲಗಿತು. ದೊಡ್ಡ ಊರುಗಳ ಜನ ಪುಣ್ಯಕ್ಕೆಂದು ಕಳಿಸಿದ್ದ ಕೋಟು, ಟೈ, ನೈಲಾನ್ ಸೀರೆ ಯಾರೂ ಉಡದೆ ರಾಶಿ ಬಿದ್ದಿದ್ದವು. ಪಲ್ಲಕ್ಕಿಯ ಮರದ ಸಿಂಹ ಒಂದು ಮದುವೆ ಕೋಟಿನೊಳಗೆ ಸುತ್ತಿಕೊಂಡು ಕೂತಿತು. ಗುರುಲಿಂಗ ಈ ಕೆಲಸವನ್ನು ಮನಸ್ಸಿಟ್ಟು ಮಾಡಿದ. ನೆನೆದ ತಾಳೆಗರಿಗಳನ್ನು ಒಂದೊಂದಾಗಿ ತೊಡೆಯ ಮೇಲೆ ಬಿಡಿಸಿ ಒಣಗಿಸಿದ. ಅವನ ಸಿಟ್ಟು ಇದ್ದದ್ದು ಒಬ್ಬನ ಮೇಲೆ ಮಾತ್ರ, ಆ ಒಬ್ಬ ಶೆಡ್ಡಿನ ಮೂಲೆಯಲ್ಲಿ ಮೊಳದುದ್ದ ನಿಂತು, ಕತ್ತಿ ಎತ್ತಿ, ಮೀಸೆ ತಿರುವಿಕೊಂಡು ಅವನನ್ನೇ ನೋಡುತ್ತಿದ್ದ.

ಕಂಬಳಿ ಹಂಚಲು ಬಂದಿದ್ದ ಹೈದರಾಬಾದಿನ ಒಬ್ಬ ಸಾಹುಕಾರ ಕೂಡ ಆ ವೀರಭದ್ರನನ್ನೇ ನೋಡಿದ. ತಾಳೆಗರಿ ಕೇಳಲಿಲ್ಲ, ಪಂಜಾ ಕೇಳಲಿಲ್ಲ. ಪಂಚಲೋಹದ ಮೂರ್ತಿಯ ಬೆನ್ನ ಮೇಲೆ ಬೆರಳಾಡಿಸಿ, ಇಂಥದ್ದಕ್ಕೆ ತಗಡಿನ ಮನೆ ಯಾಕೆ, ಹಳೆಯ ಮೂರ್ತಿಗಳಿಗೆಂದೇ ತನ್ನಲ್ಲಿ ಗಾಜಿನ ಮನೆಯಿದೆ ಎಂದ. ಉದಗೀರದ ಸ್ಟೇಷನ್ನಿನ ಹತ್ತಿರ ತಾನು ಬಂದಾಗಲೆಲ್ಲ ಇಳಿದುಕೊಳ್ಳುವ ಜಾಗ ಹೇಳಿದ. ಎಷ್ಟು ಕೊಡುತ್ತಾನೆ ಎಂಬ ಲೆಕ್ಕ ಬೇಡ. ಉದಗೀರದಲ್ಲಿ ಒಂದು ಸಣ್ಣ ಮನೆ ಬರುತ್ತಿತ್ತು. ತಗಡಿನ ಮಾಡು, ಬೊಂಬಿನ ಗೋಡೆ, ಕಲ್ಲೆಂಬುದು ಹೊಸ್ತಿಲಿಗೂ ಇಲ್ಲದ ಮನೆ.

ಅಂಥ ಮನೆ ಬೇಕಾಗಿದ್ದದ್ದು ಶಿವಾನಿಗೆ. ಹುಡುಗಿ ಅವತ್ತಿನಿಂದ ಯಾವ ಮಾಡಿನ ಕೆಳಗೂ ಕಾಲಿಡಲಿಲ್ಲ. ಶೆಡ್ಡಿನ ಹೊರಗೆ, ಬಯಲಿನಲ್ಲಿ, ಗೋಣಿಯ ಮೇಲೆ ಕೂರುವುದು, ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು. ಮಾತು ಬೇಕಾದಷ್ಟೇ. ಚಳಿಗಾಲ ಬಂತು, ಕೆಮ್ಮು ಹತ್ತಿತು. ನೆಲ ಇನ್ನೂ ಆಗಾಗ ಗುಡುಗಿ ನಡುಗುತ್ತಿತ್ತು. ಗುಡುಗಿದಾಗಲೆಲ್ಲ ಆಕೆ ಎರಡೂ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದಳು. ಈ ನೆಲದಿಂದ ಮಗಳನ್ನು ಎಬ್ಬಿಸಿಕೊಂಡು ಹೋಗದಿದ್ದರೆ ಇವಳನ್ನೂ ಕಳೆದುಕೊಳ್ಳುತ್ತೇನೆ ಎಂದು ಗುರುಲಿಂಗನಿಗೆ ಖಾತ್ರಿಯಾಗಿತ್ತು. ಹೆಂಡತಿಗಿಂತ ಮೊದಲು ಹೊರಗೆ ಬಂದ ದೇವರು ಮಗಳ ಋಣವನ್ನಾದರೂ ತೀರಿಸಲಿ ಎಂದು ಅವನು ಅಂದುಕೊಂಡ. ಹಾಗೆ ಅಂದುಕೊಂಡ ಮೇಲೆ ಅದು ಕಳವಿನಂತೆ ಕಾಣಲಿಲ್ಲ.

ಆದರೂ ಅವನು ಅವಸರ ಮಾಡಲಿಲ್ಲ. ಚಿತ್ರ ಬರೆಯುವವನಿಗೆ ಖಾಲಿ ಜಾಗದ ಬೆಲೆ ಗೊತ್ತು. ಇದ್ದದ್ದು ಇಲ್ಲವಾದರೆ ಮೊದಲು ಕಣ್ಣಿಗೆ ಹೊಡೆಯುವುದು ಆ ಖಾಲಿ ಜಾಗವೇ. ಬೀಗ ಮುರಿದು ಒಯ್ದರೆ ಪೊಲೀಸರು ಬರುತ್ತಾರೆ, ಬೀಗದ ಕೈ ಇದ್ದವನ ಹೆಗಲನ್ನೇ ಮೊದಲು ಮುಟ್ಟುತ್ತಾರೆ. ನಕಲು ಮಾಡಿಸಿ ಇಟ್ಟರೆ ಮಾಡಿದವನ ಬಾಯಿ ಒಂದು ಉಳಿಯುತ್ತದೆ. ಜನ ಹುಡುಕದಂತೆ ವಸ್ತುವನ್ನು ಒಯ್ಯುವುದು ಹೇಗೆ? ಕೊನೆಗೆ ಒಂದು ಮಧ್ಯಾಹ್ನ, ತಾಳೆಗರಿಯ ಧೂಳು ಒರೆಸುತ್ತಾ ಕೂತಿದ್ದಾಗ ಉತ್ತರ ಹೊಳೆಯಿತು. ಜನರೇ ತಮ್ಮ ಕೈಯಾರೆ ಬಿಟ್ಟುಕೊಟ್ಟದ್ದನ್ನು ಜನ ಹುಡುಕುವುದಿಲ್ಲ.

ಮುಕ್ಕಾದ ದೇವರಿಗೆ ಪೂಜೆಯಿಲ್ಲ. ಇದು ಊರಲ್ಲಿ ಕೂಸಿಗೂ ಗೊತ್ತು. ಗುರುಲಿಂಗ ಚಿಕ್ಕವನಿದ್ದಾಗ ಬಂಡಿಯ ಗಾಲಿ ತಾಗಿ ಊರ ಅಗಸೆಬಾಗಿಲಿನ ನಾಗರಕಲ್ಲಿನ ಹೆಡೆ ಹಾರಿತ್ತು. ಹಿರಿಯರು ಅದನ್ನು ತೇರಣಾ ಹೊಳೆಯ ಮಡುವಿಗೆ ಬಿಟ್ಟು, ತಿರುಗಿ ನೋಡದೆ ಮನೆಗೆ ಬಂದಿದ್ದರು. ವೀರಭದ್ರನ ಒಂದು ಕೈ ಹೋದರೆ ಸಾಕು. ಊರವರು ಅವನನ್ನು ಬಟ್ಟೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ, ಹೊಳೆಗೆ ಬಿಡುತ್ತಾರೆ. ಬಟ್ಟೆಯ ಒಳಗೆ ಏನಿದೆ ಎಂದು ಹೊಳೆ ಕೇಳುವುದಿಲ್ಲ. ದೂರು ಕೊಡುವವರಿಲ್ಲ, ಖಾಲಿ ಜಾಗವಿಲ್ಲ, ಸಾಕ್ಷಿಯನ್ನು ಮುಳುಗಿಸುವವರು ಸ್ವತಃ ವಾರಸುದಾರರು. ಹಾವು ಸಾಯಬೇಕಿಲ್ಲ, ಕೋಲು ಮುರಿಯಬೇಕಿಲ್ಲ. ಮುರಿದ ಕೈಯನ್ನು ಬೆಸೆಯುವುದು ಗಾಜಿನ ಮನೆಯವರಿಗೆ ದೊಡ್ಡ ಮಾತಲ್ಲ, ಅದನ್ನು ಸಾಹುಕಾರನಿಂದಲೇ ಕೇಳಿ ತಿಳಿದುಕೊಂಡ.

ಮುಖ್ಯವಾದದ್ದು, ಈ ಜನ ದಣಿದಿದ್ದರು. ಅದೇ ಅವನ ಲೆಕ್ಕದ ನಡುಗಂಬ. ನೀರಿಗೆ ಸರದಿ, ಅಕ್ಕಿಗೆ ಸರದಿ, ಹೆಬ್ಬೆಟ್ಟಿಗೆ ಸರದಿ. ಒಂದು ದೇವರಿಗಾಗಿ ಯಾರೂ ಎರಡು ಮಾತು ಹೆಚ್ಚಿಗೆ ಆಡುವ ಸ್ಥಿತಿಯಲ್ಲಿರಲಿಲ್ಲ. ತನ್ನೊಳಗೆ ದೇವರು ಎಂಬುದು ಹೇಗೆ ಆರಿಹೋಗಿದೆಯೋ ಹಾಗೆಯೇ ಅವರಲ್ಲೂ ಆರಿದೆ, ಅಭ್ಯಾಸಕ್ಕೆ ಕೈ ಮುಗಿಯುತ್ತಾರೆ ಅಷ್ಟೇ ಎಂದು ಅವನು ತಿಳಿದಿದ್ದ.

ಆಮೇಲೆ ಕಾಯುವುದೊಂದೇ ಉಳಿಯಿತು. ಮೂರ್ತಿಯನ್ನು ಎಣ್ಣೆ ಡಬ್ಬಿಗಳ ಅಟ್ಟಣೆಯ ಮೇಲೆ ಇಟ್ಟ, ಅದರ ಪಕ್ಕದಲ್ಲಿ ಮಾರುತಿ ಗುಡಿಯ ದೊಡ್ಡ ಗಂಟೆ. ವಸ್ತುಗಳಿಗೆ ನೆಲದ ತೇವ ತಾಗಬಾರದು ಎಂದು ವಿದ್ವಾಂಸರು ಹೇಳಿದ್ದರಲ್ಲ. ಊರೆಲ್ಲ ಭೂಮಿ ನಡುಗದಿರಲಿ ಎಂದು ಹರಕೆ ಹೊರುತ್ತಿದ್ದಾಗ ಅವನೊಬ್ಬ ನಡುಗಲಿ ಎಂದು ಕಾದ. ಕಾದವನಿಗೆ ಭೂಮಿಯೂ ಸತಾಯಿಸಿತು. ವಾರಗಟ್ಟಲೆ ಮಿಸುಕಾಡಲಿಲ್ಲ.

ನಡುಗಿದ್ದು ಒಂದು ಗುರುವಾರ, ರೊಟ್ಟಿ ಬಡಿಯುವ ಹೊತ್ತಿಗೆ. ಕೆಳಗಿನಿಂದ ಲಾರಿ ಹೋದಂಥ ಸದ್ದು ಬಂತು, ತಗಡು ಗಡಗಡಿಸಿತು, ಶೆಡ್ಡುಗಳಲ್ಲಿದ್ದವರೆಲ್ಲ ಬಯಲಿಗೆ ಓಡಿದರು. ಗುರುಲಿಂಗ ಬಯಲಿನಲ್ಲಿದ್ದವನು ಒಳಗೆ ಓಡಿದ. ಅಟ್ಟಣೆಯನ್ನು ಭುಜದಿಂದ ತಳ್ಳಿದ. ಗಂಟೆ ಉರುಳಿತು, ಡಬ್ಬಿಗಳು ಉರುಳಿದವು. ಬಿದ್ದ ವೀರಭದ್ರನ ಕತ್ತಿಯ ಕೈಯನ್ನು ಒಂದು ಕಲ್ಲಿನ ಮೇಲೆ ಇಟ್ಟು ಇನ್ನೊಂದು ಕಲ್ಲಿನಿಂದ ಒಮ್ಮೆ ಹೊಡೆದ. ಒಂದೇ ಏಟಿಗೆ ಮಣಿಕಟ್ಟು ಮುರಿದು ಬಿತ್ತು. ಆ ಗದ್ದಲದಲ್ಲಿ ಅವನಿಗೇ ಸದ್ದು ಕೇಳಲಿಲ್ಲ. ಹೊರಗೆ ಬಂದಾಗ ಅವನ ತೋಳು ತರಚಿ ರಕ್ತ ಬಂದಿತ್ತು. ದೇವರನ್ನು ಉಳಿಸಲು ಮಾಸ್ತರ ಜೀವದ ಹಂಗು ತೊರೆದು ಒಳಗೆ ಹೋದ ಎಂದು ಜನ ಅಂದರು. ಶಿವಾನಿ ಮಾತ್ರ ಅಂಗೈ ನೆಲಕ್ಕೆ ಒತ್ತಿಕೊಂಡೇ ಅಪ್ಪನನ್ನು ದಿಟ್ಟಿಸಿದಳು.

ಮೂರ್ತಿಯನ್ನು ಮೊದಲು ಎತ್ತಿಕೊಂಡವಳು ಕಲ್ಯಾಣಮ್ಮ. ಮದುವೆಯಾಗಿ ಭಾಲ್ಕಿ ಕಡೆಯಿಂದ ಬಂದ ಮುದುಕಿ, ಬಂದ ದಿನದಿಂದ ಗುಡಿಯ ಕಸ ಗುಡಿಸಿದವಳು. ಗಂಡ, ಮಕ್ಕಳು, ಮೊಮ್ಮಕ್ಕಳು ಒಂದೇ ಮಾಳಿಗೆಯ ಕೆಳಗೆ ಹೋಗಿದ್ದರು. ಮುರಿದ ಕೈಯನ್ನು ಸೆರಗಿನಲ್ಲಿ ಒರೆಸಿ ಮೂರ್ತಿಯ ಪಕ್ಕ ಇಟ್ಟಳು.

"ಊರ ಬಿದ್ದಾಗ ಸಾಬೂತ ಬಂದಿ. ಈಗ ತಗಡಿನ ಮನ್ಯಾಗ ಕೈ ಮುರಕೊಂಡಿ" ಎಂದು ವೀರಭದ್ರನಿಗೆ ಹೇಳಿದಳು. "ನಿನಗೂ ಸಾಕಾಗ್ಯಾದ ಕಾಣತದ."

ಅವತ್ತು ಸಂಜೆ ಬೇವಿನ ಮರದ ಕೆಳಗೆ ಜನ ಕೂಡಿತು. ಗುರುಲಿಂಗ ಮಾತಿನಲ್ಲಿ ಜಾಣ. ಹೊಳೆಯ ಹೆಸರನ್ನೇ ಎತ್ತಲಿಲ್ಲ. ಮುಂದೆ ಏನು ಮಾಡೋಣ ಎಂದು ಕೇಳಿ ತಲೆ ತಗ್ಗಿಸಿದ.

"ಏನ್ ಮಾಡೂದದ" ಎಂದ ಶಿವರಾಯ. "ಭಿನ್ನ ಆದ ಮ್ಯಾಲ ಇಟಗೊಳ್ಳಾಕ ಬರಲ್ಲ. ಸೋಮವಾರ ಹೊಳಿಗೆ ಬಿಡೂಣು. ರೀತಿ ಏನದ ಅದು ಆಗಲಿ."

ಹೌದು ಹೌದು ಎಂದು ಜನ ಎದ್ದರು. ಗುರುಲಿಂಗ ಅಂದುಕೊಂಡದ್ದಕ್ಕಿಂತ ಸಲೀಸಾಗಿ ಕೆಲಸ ಮುಗಿದಿತ್ತು. ಅವನೂ ಎದ್ದು ಹೊರಟಾಗ ಶಿವರಾಯ ಹಿಂದಿನಿಂದ ಬಂದು ಅವನ ತೋಳು ಹಿಡಿದ. ಮುದುಕ ಈ ಕೆಲವು ತಿಂಗಳಲ್ಲಿ ಅರ್ಧ ಆಗಿದ್ದ.

"ಮಾಸ್ತರ, ನಿಮ್ಮ ಕೈಲೇ ಬಿಡ್ರಿ. ನಿಮ್ಮ ತಲಿ ಮ್ಯಾಲೇ ಹೋಗಲಿ ಅಂವಾ."

"ನಾ ಯಾಕ್ರೀ? ಹಿರೇರು ನೀವಿದ್ದೀರಿ."

"ಅವತ್ತ ಹಾರೀನ ಮೊದಲ ನಿಮ್ಮ ಮನಿ ಕಡಿ ತಿರಗಸಬೇಕಾಗಿತ್ತು ನಾ. ತಪ್ಪ ಆಗ್ಯಾದ. ದಿನಾ ಮಲಗೂ ಮುಂದ ನೆನಪಾಗತದ. ನಿಮ್ಮ ಮುಂದ ಬಾಯಿ ಬಿಡಾಕ ಧೈರ್ಯ ಆಗಿದ್ದಿಲ್ಲ."

ಗುರುಲಿಂಗ ಆ ಮಾತಿಗಾಗಿ ತಿಂಗಳುಗಟ್ಟಲೆ ಕಾದಿದ್ದ. ಬಂದಾಗ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಈ ಮುದುಕ ಬುಧವಾರವೇ ಇದನ್ನು ಹೇಳಿದ್ದರೆ ಗುರುವಾರ ಕಲ್ಲು ಎತ್ತುತ್ತಿರಲಿಲ್ಲವೇನೋ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಕೈ ಕಡಿದಾಗಿತ್ತು, ಸಾಹುಕಾರನಿಗೆ ಮೂರ್ತಿ ತರುತ್ತೇನೆಂದು ಮಾತು ಕೊಟ್ಟಾಗಿತ್ತು, ಹೊರಗೆ ಚಳಿಯಲ್ಲಿ ಹುಡುಗಿ ಕೆಮ್ಮುತ್ತಿದ್ದಳು. ಬೆಳೆ ಕಣಕ್ಕೆ ಬಿದ್ದ ಮೇಲೆ ಮಳೆ ಬಂದರೆ ಅದಕ್ಕೆ ಯಾರು ಕೈ ಮುಗಿಯುತ್ತಾರೆ. ಆಗಲಿ ಎಂದಷ್ಟೇ ಹೇಳಿದ.

ಶನಿವಾರ ಎಲ್ಲರೆದುರಿಗೆ ಕಲ್ಯಾಣಮ್ಮ ಮೂರ್ತಿಗೆ ನೀರೆರೆದಳು, ವಿಭೂತಿ ಬಳಿದಳು, ಮುರಿದ ಕೈಯನ್ನು ಎದೆಗೆ ಒರಗಿಸಿ ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಆ ಬಟ್ಟೆಯನ್ನು ಎಲ್ಲಿಂದ ತಂದಳೋ. ಬಟ್ಟೆ ನೋಡಿ ಗುರುಲಿಂಗನಿಗೆ ಸಾರಿಕಾಳಿಗೆ ಸಿಗದ ಒಂದು ಗೇಣು ನೆನಪಾಗಿ ಸಿಟ್ಟು ಹೊತ್ತಿಕೊಂಡಿತು. ಅಷ್ಟು ಹೊತ್ತು ಇದ್ದ ಅಳುಕೂ ಅದರಲ್ಲಿ ಸುಟ್ಟುಹೋಯಿತು. ಕಲ್ಯಾಣಮ್ಮ ತಲೆಯ ಹತ್ತಿರ, ನಡುವಿಗೆ, ಕಾಲಿಗೆ ಗಂಟು ಹಾಕಿ, ಪ್ರತಿ ಗಂಟಿಗೂ ನೆನೆದ ವಿಭೂತಿ ಮೆತ್ತಿದಳು. ಒಣಗಿದ ಮೇಲೆ ಅದು ಮುದ್ರೆ ಹಾಕಿದಂತೆ ಕಾಣಿಸಿತು. ಗುರುಲಿಂಗ ಪ್ರತಿಯೊಂದು ಗಂಟನ್ನೂ ಚಿತ್ರ ನೋಡುವ ಕಣ್ಣಿನಿಂದ ನೋಡಿಟ್ಟುಕೊಂಡ.

ಭಾನುವಾರ ಮಧ್ಯಾಹ್ನ ದೊಡ್ಡ ರಸ್ತೆಯ ಹತ್ತಿರ ತಗಡು ಹಂಚುತ್ತಾರೆಂದು ಊರು ಊರೇ ಸರದಿಗೆ ಹೋಯಿತು, ಶಿವಾನಿಯೂ ಕಲ್ಯಾಣಮ್ಮನ ಸೆರಗು ಹಿಡಿದು ಹೋದಳು. ಅದನ್ನೂ ಅವನು ಮೊದಲೇ ಲೆಕ್ಕ ಹಿಡಿದಿದ್ದ. ಕತ್ತಲನ್ನು ಕಾಯುವವರು ದಡ್ಡರು. ಕತ್ತಲಲ್ಲಿ ಈ ಊರಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ, ನಿದ್ದೆಗೆ ಹೆದರಿ ಕಣ್ಣು ತೆರೆದುಕೊಂಡೇ ಬಿದ್ದಿರುತ್ತಾರೆ. ಹಾಡುಹಗಲಿನಲ್ಲಿ ಬೀಗ ತೆಗೆದು ಒಳಗೆ ಹೋದ. ಗಂಟು ಬಿಚ್ಚಿದ, ಮೂರ್ತಿ ಮತ್ತು ಕೈಯನ್ನು ಹೊರಗೆ ತೆಗೆದ. ಬದಲಿಗೆ ಒಂದು ಕರಿಕಲ್ಲನ್ನು ಮೊದಲೇ ಆರಿಸಿ ತಂದಿಟ್ಟಿದ್ದ. ತೂಕಕ್ಕೆ ತೂಕ, ಉದ್ದಕ್ಕೆ ಉದ್ದ. ಎಲ್ಲಿ ಸಪೂರವಿತ್ತೋ ಅಲ್ಲಿ ನೈಲಾನ್ ಸೀರೆಯ ಚಿಂದಿ ಸುತ್ತಿ ಭುಜ, ಕತ್ತು ಮಾಡಿದ. ಆ ಕಲ್ಲು ಅವನದೇ ಮನೆಯ ಗೋಡೆಯದು, ಸಾರಿಕಾ ಮಲಗುತ್ತಿದ್ದ ಕಡೆಯದು. ಹುಡುಕಿ ತಂದದ್ದೇನಲ್ಲ, ಅಳತೆಗೆ ಹೊಂದಿದ್ದು ಅದೇ. ಆದರೂ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತುವಾಗ ಅವನಿಗೆ ಅಳು ಬಂತು.

ಗಂಟುಗಳು ಇದ್ದ ಹಾಗೆಯೇ ಬಿದ್ದವು. ವಿಭೂತಿ ಕಲಸಿ ಮೆತ್ತಿ, ಕಲ್ಯಾಣಮ್ಮನ ಹೆಬ್ಬೆರಳಿನ ತಗ್ಗನ್ನೂ ತನ್ನ ಹೆಬ್ಬೆರಳಿನಿಂದ ಮೂಡಿಸಿದ. ವೀರಭದ್ರನನ್ನು ಯಾವನದೋ ಕೋಟಿನಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಇಳಿಸಿ ಮೇಲೆ ಹಿಟ್ಟು ಸುರಿದ. ಮಂಗಳವಾರ ಬೆಳಿಗ್ಗೆ ಅಪ್ಪ ಮಗಳು ಉದಗೀರದ ಬಸ್ಸು ಹತ್ತುತ್ತಾರೆ; ಕೆಮ್ಮುವ ಹುಡುಗಿಯನ್ನು ದವಾಖಾನೆಗೆ ಒಯ್ಯುವ ಅಪ್ಪನ ಹಿಟ್ಟಿನ ಡಬ್ಬಿಗೆ ಯಾರು ಕೈ ಹಾಕುತ್ತಾರೆ. ಜನ ತಗಡು ಹೊತ್ತು ತಿರುಗಿ ಬರುವ ಹೊತ್ತಿಗೆ ಅವನು ಹೊರಗೆ ಕೂತು ತಾಳೆಗರಿಗೆ ದಾರ ಪೋಣಿಸುತ್ತಿದ್ದ.

ಸೋಮವಾರ ಬಾಜಾ ಇಲ್ಲ, ಭಜಂತ್ರಿ ಇಲ್ಲ. ಸತ್ತ ಮನೆಯಿಂದ ಹೊರಟಂತೆ ಹೊರಟರು. ಗುರುಲಿಂಗ ಗಂಟನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆದ, ಪಕ್ಕದಲ್ಲಿ ಶಿವರಾಯ. ಕಲ್ಲಿನ ಭಾರ ದೇವರ ಭಾರದಷ್ಟೇ ಇತ್ತು. ಹಿಂದೆ ಹೆಂಗಸರು ಸೀರೆಯ ಗಂಟುಗಳನ್ನು ಸೊಂಟಕ್ಕಿಟ್ಟುಕೊಂಡು ಬರುತ್ತಿದ್ದರು, ಅವುಗಳಲ್ಲಿ ಪಾತ್ರೆಗಳು ಕಣಕಣ ಅನ್ನುತ್ತಿದ್ದವು. ಹೊಳೆಗೆ ಹೋಗುವುದೇ ಆಯಿತು, ತೊಳೆದುಕೊಂಡು ಬರೋಣ ಎಂದುಕೊಂಡಿದ್ದಾರೆ, ಎಂದ ಅವನು ಮನಸ್ಸಿನಲ್ಲಿ. ನೋಡು, ದೇವರನ್ನು ಕಳಿಸುವ ದಿನವೂ ಇವರಿಗೆ ಮುಸುರೆಯ ಚಿಂತೆ. ಸಾಲಿನ ಕೊನೆಯಲ್ಲಿ ಒಬ್ಬ ಗುರುತಿಲ್ಲದ ಗಂಡಸು ಚರ್ಮದ ಚೀಲ ಹಿಡಿದು ಬರುತ್ತಿದ್ದ. ಯಾರದೋ ಬೀಗನಿರಬೇಕು.

ಮಡುವಿನ ದಂಡೆಗೆ ಬಂದಾಗ ಹೊತ್ತು ನೆತ್ತಿಗೆ ಏರುತ್ತಿತ್ತು. ಗುರುಲಿಂಗ ನೀರಿಗೆ ಇಳಿಯಲು ಒಂದು ಕಾಲು ಮುಂದಿಟ್ಟ. ಇನ್ನು ಹತ್ತು ಹೆಜ್ಜೆ, ಆಮೇಲೆ ಈ ಊರಿಗೂ ತನಗೂ ಲೆಕ್ಕ ಚುಕ್ತಾ.

"ಜರಾ ತಡೀರಿ ಮಾಸ್ತರ" ಎಂದಳು ಕಲ್ಯಾಣಮ್ಮ. "ಇಲ್ಲಿ ಇಳಸ್ರಿ ಅಂವನ್ನ."

ಆಕೆ ದಂಡೆಯಲ್ಲಿ ಒಂದು ಗೋಣಿ ಹಾಸಿದಳು. ಇಳಿಸದೆ ವಿಧಿಯಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಗಂಟುಗಳನ್ನು ಅದರ ಪಕ್ಕದಲ್ಲಿ ಬಿಚ್ಚಿದರು. ನಜ್ಜುಗುಜ್ಜಾದ ತಂಬಿಗೆ, ಬಾಯಿ ಹರಿದ ಕೊಡ, ಚಪ್ಪಟೆಯಾದ ದೀಪದ ಸಮೆ, ಮಗುವಿನ ಗಿಂಡಿ. ಮಣ್ಣಿನಿಂದ ತೆಗೆದ ಹಿತ್ತಾಳೆ, ಕಂಚು, ತಾಮ್ರ. ಒಬ್ಬೊಬ್ಬರೂ ಇಡುವಾಗ ಒಂದೊಂದು ಹೆಸರು ಹೇಳಿದರು, ಸತ್ತವರ ಹೆಸರು. ಯಾರೂ ಅಳಲಿಲ್ಲ.

ಎಲ್ಲರ ಕೊನೆಗೆ ಶಿವಾನಿ ಬಂದಳು. ಆಕೆಯ ಕೈಯಲ್ಲಿ ಒಂದು ಹಿತ್ತಾಳೆಯ ಚರಿಗೆ ಇತ್ತು, ಒಂದು ಮಗ್ಗುಲು ಒಳಗೆ ಹೋದದ್ದು.

"ಅವ್ವಂದು" ಎಂದಳು. "ಕಲ್ಯಾಣಮ್ಮಜ್ಜಿ ಬೇಡಿದಳು. ಹೊಸಾ ದೇವರು ಆಗತಾನಂತ, ಇದನ್ನೆಲ್ಲ ಕರಗಿಸಿ. ಅಂವನ ಮೈಯಾಗ ಅವ್ವನೂ ಇರತಾಳ. ಅಂವಾ ಒಳಗ ಕುಂತರ ನಾನೂ ಒಳಗ ಮಲಗತೀನಿ ಅಪ್ಪಾ."

ಎಷ್ಟೋ ತಿಂಗಳಲ್ಲಿ ಆಕೆ ಒಟ್ಟಿಗೆ ಅಷ್ಟು ಮಾತಾಡಿರಲಿಲ್ಲ. ಗುರುಲಿಂಗನ ಕಾಲು ಒದ್ದೆ ಮರಳಿನಲ್ಲಿ ಹೂತುಕೊಂಡಿತು. ಚರ್ಮದ ಚೀಲದವನು ಮುಂದೆ ಬಂದು ಗೋಣಿಯ ಹತ್ತಿರ ಕೂತ. ಉದಗೀರದ ಕಂಚುಗಾರ ಕಾಶೆಪ್ಪ ಎಂದು ಶಿವರಾಯ ಪರಿಚಯ ಹೇಳಿದ. ಕಾಶೆಪ್ಪ ಚೀಲದಿಂದ ಒಂದು ಸಣ್ಣ ಉಳಿ, ಒಂದು ಸುತ್ತಿಗೆ ತೆಗೆದು ಪಕ್ಕಕ್ಕಿಟ್ಟುಕೊಂಡು ಬಿಳಿ ಗಂಟನ್ನು ತನ್ನ ಕಡೆ ಎಳೆದುಕೊಂಡ.

"ಬಿಚ್ಚಬ್ಯಾಡ್ರೀ" ಎಂದ ಗುರುಲಿಂಗ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಒಮ್ಮೆ ಕಟ್ಟಿದ್ದು ಬಿಚ್ಚಬಾರದು. ಹಂಗೇ ಹೋಗಲಿ ಬಿಡ್ರಿ."

"ಬಿಚ್ಚದ ಹ್ಯಾಂಗಾಗತದ ಮಾಸ್ತರ?" ಎಂದಳು ಕಲ್ಯಾಣಮ್ಮ ಸಮಾಧಾನದಿಂದ. "ನೀರಿನ ದಂಡಿ ಮ್ಯಾಲೇ ಅಂವನ ಮೈಯಾಗಿಂದ ಒಂದ ಚೂರ ತಗೀಬೇಕು. ಕಲ್ಲಿನ ದೇವರಿಗೆ ಬೇಕಿಲ್ಲ, ಎರಕದ ದೇವರಿಗೆ ಬೇಕು. ಹೆಪ್ಪ ಇಲ್ಲದ ಹಾಲ ಮಸರ ಆಗತದೇನು?"

ಎಲ್ಲರಿಗೂ ಗೊತ್ತಿದ್ದ ಮಾತಾದ್ದರಿಂದ ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಗಂಟಿನ ಗುರುತು, ಕಲ್ಲಿನ ತೂಕ, ಭೂಮಿಯ ನಡುಕ, ಮುದುಕಿಯ ಹೆಬ್ಬೆರಳು, ಜನರ ದಣಿವು, ಇಷ್ಟನ್ನೂ ಗುರುಲಿಂಗ ಲೆಕ್ಕ ಹಿಡಿದಿದ್ದ. ಎಲ್ಲವನ್ನೂ ಕಳೆದುಕೊಂಡು, ನೀರಿನ ಸರದಿಯಲ್ಲಿ ನಿಂತು ನಿಂತು ಸೋತ ಈ ಜನ ಇನ್ನೊಬ್ಬ ದೇವರು ಬೇಕೆಂದಾರು ಎಂಬುದೊಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಕಾಶೆಪ್ಪ ತಲೆಯ ಕಡೆಯ ಗಂಟಿನ ವಿಭೂತಿಯನ್ನು ಉಗುರಿನಿಂದ ಕೆರೆದು ಕೆಡವಿದ. ಹೊಸ ದೇವರಿಗೆ ಹೋಗುವ ಆ ಚೂರನ್ನು ನೋಡಲು ಎಲ್ಲರಿಗಿಂತ ಮುಂದೆ ಶಿವಾನಿ ಬಗ್ಗಿ ನಿಂತಿದ್ದಳು.